ಮೊದಲು ನೀರಿಗೆ ಹಾಕಿ ನೋಡಿ

ಮಳೆಗಾಲ ಶುರುವಾದರೆ ಕಾರವಾರದಲ್ಲಿ ಗಾಳ ಹಾಕುವವರಿಗೆ ಕೆಲಸ ಕಡಿಮೆ. ಕಾಳಿ ನದಿ ಕೆಂಪಾಗಿ ಹರಿಯುತ್ತದೆ. ಸಮುದ್ರ ದಡದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ನಾನು ಮನೆಯಲ್ಲಿ ಕೂತು ಫ್ಲೈ ಕಟ್ಟುತ್ತೇನೆ. ಅದಕ್ಕೆ ಬೇಕಾದ ಸಾಮಾನಿನಲ್ಲಿ ಮುಕ್ಕಾಲು ಪಾಲು ನಮ್ಮ ಮನೆಯದು, ಪಕ್ಕದ ಮನೆಯದು, ಚಿಕ್ಕಮ್ಮನ ಟೈಲರ್ ಅಂಗಡಿಯದು, ಬೈತಖೋಲ ಬಂದರಿನ ದಡದ್ದು. ಎಲ್ಲ ಯಾರೋ ಬೇಡ ಅಂತ ಬಿಟ್ಟದ್ದೇ.

ಫ್ಲೈ ಅಂದರೆ ಎಂತ ಅಂತ ಕೇಳುವವರೇ ಇಲ್ಲಿ ಜಾಸ್ತಿ, ಹಾಗಾಗಿ ಎರಡು ಮಾತು. ಗಾಳದ ಕೊಕ್ಕೆಗೆ ದಾರ ಸುತ್ತಿ, ಅದರ ಮೇಲೆ ಗರಿ, ಕೂದಲು, ಉಣ್ಣೆ, ಮಿಂಚುವ ಎಳೆ ಕಟ್ಟಿ, ಮೀನಿನ ಕಣ್ಣಿಗೆ ಹುಳವೋ ಶೆಟ್ಲಿಯೋ (ಸಿಗಡಿ) ಸಣ್ಣ ಮೀನೋ ಅನ್ನಿಸುವ ಹಾಗೆ ಮಾಡಿದರೆ ಅದು ಫ್ಲೈ. ಅದಕ್ಕೆ ತೂಕವೇ ಇರುವುದಿಲ್ಲ ಅನ್ನಬಹುದು. ನಾವು ಸೀಸದ ಗುಂಡು ಕಟ್ಟಿ ಎಸೆಯುತ್ತೇವಲ್ಲ, ಆಗ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಉಲ್ಟಾ. ದಾರವೇ ದಪ್ಪ, ತೂಕ ಇರುವುದೂ ದಾರಕ್ಕೇ, ಅದು ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ ತುದಿಯಲ್ಲಿರುವ ಫ್ಲೈಯನ್ನು ನೀರಿನ ಮೇಲೆ ಇಳಿಸುತ್ತದೆ. ಆದ್ದರಿಂದ ಫ್ಲೈ ಹಗುರ ಇರಬೇಕು, ನೀರು ಹೀರಿಕೊಂಡರೂ ಎಸೆಯುವಾಗ ಬೇಗ ಕೊಡವಿಕೊಳ್ಳಬೇಕು, ನೀರೊಳಗೆ ಜೀವ ಇದ್ದ ಹಾಗೆ ಆಡಬೇಕು.

ಇದರ ಸಾಮಾನು ನಮ್ಮ ಊರಿನ ಗಾಳದ ಅಂಗಡಿಯಲ್ಲಿ ಸಿಗುವುದಿಲ್ಲ. ಹೊರದೇಶದಿಂದ ತರಿಸಿದರೆ ಒಂದು ಚಿಟಿಕೆ ಕೂದಲಿಗೆ ಅಂಚೆ ಖರ್ಚು, ಸುಂಕ ಎಲ್ಲ ಸೇರಿ ಕೈ ಸುಡುತ್ತದೆ. ಹಳೆ ಸಾಮಾನು ಹುಡುಕಲು ಶುರು ಮಾಡಿದ್ದು ಆ ಕಾರಣಕ್ಕೇ. ಈಗ ಕಾರಣ ಬೇರೆ. ಅಂಗಡಿಯ ಪ್ಯಾಕೆಟ್ ಮೇಲೆ ಇದು ಯಾವುದಕ್ಕೆ, ಹೇಗೆ ಅಂತ ಬರೆದಿರುತ್ತದೆ. ಅಜ್ಜಿಯ ದಿಂಬಿನ ಮೇಲೆ ಏನೂ ಬರೆದಿರುವುದಿಲ್ಲ. ಅದರೊಳಗಿನ ಹತ್ತಿ ನೀರಿನಲ್ಲಿ ಏನು ಮಾಡುತ್ತದೆ ಅಂತ ನಾವೇ ನೋಡಬೇಕು. ಹಾಗೆ ಒಂದೊಂದನ್ನೇ ನೋಡುತ್ತ ಹೋದರೆ, ಮೀನು ಯಾವುದನ್ನು ನೋಡಿ ಬರುತ್ತದೆ ಅನ್ನುವುದು ಸ್ವಲ್ಪ ಸ್ವಲ್ಪವೇ ಅರ್ಥವಾಗುತ್ತದೆ. ಪ್ಯಾಕೆಟ್ ಕೊಂಡವರಿಗೆ ಈ ಪಾಠ ತಪ್ಪಿಹೋಗುತ್ತದೆ ಅಂತ ನನಗೆ ನಿಜವಾಗಿ ಅನ್ನಿಸುತ್ತದೆ.

ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಗಾಜಿನ ಲೋಟ ಇರುತ್ತದೆ. ಅದರಲ್ಲಿ ಅಳಿವೆಯ ಉಪ್ಪು ನೀರು. ಕೈಗೆ ಸಿಕ್ಕ ಯಾವ ವಸ್ತುವಾದರೂ ಮೊದಲು ಅದರೊಳಗೆ ಹೋಗಬೇಕು, ಆಮೇಲೆ ಕೊಕ್ಕೆಯ ಮಾತು. ಒಣಗಿದ್ದಾಗ ಚಂದ ಕಾಣುವುದಕ್ಕೂ ಒದ್ದೆಯಾದಾಗ ಕೆಲಸ ಮಾಡುವುದಕ್ಕೂ ಸಂಬಂಧವೇ ಇಲ್ಲ. ಕೈಯಲ್ಲಿ ಹಿಡಿದಾಗ ಉಬ್ಬಿಕೊಂಡಿರುವ ಕೋಳಿ ಗರಿ ನೀರಿಗೆ ಬಿದ್ದ ಕೂಡಲೇ ಬೆಂಕಿಕಡ್ಡಿಯಷ್ಟು ಸಪೂರ ಆಗಬಹುದು. ಕಸದ ಹಾಗೆ ಕಾಣುವ ಗೋಣಿ ನಾರು ನೀರು ಕುಡಿದು ಮೆತ್ತಗಾಗಿ, ಕಂದು ಬಣ್ಣ ತಿರುಗಿ, ಹುಳದ ಮೈಯೇ ಆಗಿಬಿಡಬಹುದು.

ಬೂರುಗದ ಹತ್ತಿಯನ್ನೇ ತೆಗೆದುಕೊಳ್ಳಿ. ಶಿರಸಿ ಕಡೆಯ ನಮ್ಮ ಅಜ್ಜನಮನೆಯಲ್ಲಿ ಹಳೆ ದಿಂಬುಗಳೆಲ್ಲ ಅದರವೇ. ಬಟ್ಟೆ ಹರಿದು, ಒಳಗಿನದು ಗಂಟು ಗಂಟಾಗಿ, ಯಾರೂ ತಲೆ ಇಡದ ದಿಂಬುಗಳು ಅಟ್ಟದ ಮೇಲೆ ಇದ್ದವು. ಈ ಹತ್ತಿ ನೂಲಲು ಬರುವುದಿಲ್ಲ. ಎಳೆ ಗಿಡ್ಡ, ನುಣುಪು, ಬೆರಳಿನ ನಡುವೆ ಜಾರಿಹೋಗುತ್ತದೆ. ಒಂದು ಚೂರು ತೆಗೆದು ಲೋಟಕ್ಕೆ ಹಾಕಿದರೆ ತೇಲುತ್ತದೆ. ಬೆರಳಿನಿಂದ ಒತ್ತಿ ಮುಳುಗಿಸಿದರೆ ಮೈಗೆ ಬೆಳ್ಳಿಯ ಪದರ ಬಂದು ಹೊಳೆಯುತ್ತದೆ, ಅದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಬೆರಳು ತೆಗೆದ ಕೂಡಲೇ ಮತ್ತೆ ಮೇಲೆ. ಪಕ್ಕದಲ್ಲೇ ಮೆಡಿಕಲ್ ಶಾಪಿನ ಹತ್ತಿ ಹಾಕಿ ನೋಡಿ, ಗಟಗಟ ನೀರು ಕುಡಿದು ತಳ ಸೇರುತ್ತದೆ. ಬೂರುಗದ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ. ಇದರ ಹತ್ತಿರದ ಸಂಬಂಧಿ ಕಪೋಕ್ ಹತ್ತಿಯನ್ನು ಹಿಂದೆ ಹಡಗಿನವರ ಲೈಫ್ ಜಾಕೆಟ್ ಒಳಗೆ ತುಂಬುತ್ತಿದ್ದರು. ನೀರಿನ ಮೇಲೆ ತೇಲಬೇಕಾದ ಸಣ್ಣ ಫ್ಲೈಗೆ ಇದಕ್ಕಿಂತ ಒಳ್ಳೆಯದು ಬೇಕಾ?

ಸುತ್ತುವ ದಾರಕ್ಕೆ ಸ್ವಲ್ಪ ಜೇನುಮೇಣ ಉಜ್ಜಿದರೆ ಈ ಜಾರುವ ಹತ್ತಿ ದಾರಕ್ಕೆ ಅಂಟಿಕೊಳ್ಳುತ್ತದೆ. ಶಿರಸಿ, ಸಿದ್ದಾಪುರ ಕಡೆ ಜೇನು ಸಾಕುವವರ ಮನೆಯಲ್ಲಿ ಮೇಣದ ಚೂರು ಕೇಳಿದರೆ ಕೊಡುತ್ತಾರೆ. ಮೇಣ ಗಟ್ಟಿ ಅನ್ನಿಸಿದರೆ ಕರಗಿಸಿ ಒಂದೆರಡು ಹನಿ ಹರಳೆಣ್ಣೆ ಸೇರಿಸಿ ಆರಿಸಿ. ಹತ್ತಿಯನ್ನು ದಾರದ ಸುತ್ತ ಬೆರಳಲ್ಲಿ ಹೊಸೆದು ಕೊಕ್ಕೆಗೆ ಸುತ್ತಿದರೆ ಮೈ ಸಿದ್ಧ. ಹೊಸೆಯುವಾಗ ಕೈ ಹಗುರ ಇರಲಿ. ಬಿಗಿ ಹೊಸೆದರೆ ಒಳಗಿನ ಗಾಳಿ ಹೋಗಿ, ತೇಲುವ ಗುಣವೇ ಹೋಗುತ್ತದೆ.

ಫ್ಲೈಯ ಇತಿಹಾಸ ನೋಡಿದರೆ ಅದು ಶುರುವಾದದ್ದೇ ಮನೆಯ ಸಾಮಾನಿನಿಂದ. ಸುಮಾರು 1800 ವರ್ಷಗಳ ಹಿಂದೆ ರೋಮಿನ ಏಲಿಯನ್ ಎಂಬ ಲೇಖಕ ಮ್ಯಾಸಿಡೋನಿಯಾದ ಜನ ಹೊಳೆಯಲ್ಲಿ ಮೀನು ಹಿಡಿಯುವ ರೀತಿಯನ್ನು ಬರೆದಿಟ್ಟಿದ್ದಾನೆ. ಕೊಕ್ಕೆಗೆ ಕೆಂಪು ಉಣ್ಣೆ ಸುತ್ತುತ್ತಿದ್ದರಂತೆ. ಅದಕ್ಕೆ ಹುಂಜದ ಕೊರಳ ಬಳಿಯ ಮೇಣದ ಬಣ್ಣದ ಎರಡು ಗರಿ ಕಟ್ಟುತ್ತಿದ್ದರಂತೆ. ಅಷ್ಟೇ. ಉಣ್ಣೆಯೂ ಮನೆಯದು, ಹುಂಜವೂ ಮನೆಯದು.

ಇಂಗ್ಲೆಂಡಿನ ಫ್ರಾಂಕ್ ಸಾಯರ್ ಕತೆ ನನಗೆ ಇನ್ನೂ ಇಷ್ಟ. ವಿಲ್ಟ್‌ಶೈರಿನ ಏವನ್ ನದಿಯನ್ನು ನೋಡಿಕೊಳ್ಳುವುದೇ ಅವರ ನೌಕರಿ. 1980ರಲ್ಲಿ ತೀರಿಹೋದರು. ಅವರು ಕಟ್ಟಿದ ಒಂದು ಫ್ಲೈಗೆ ದಾರವೇ ಇಲ್ಲ. ದಾರದ ಬದಲು ಸಪೂರ ತಾಮ್ರದ ತಂತಿ, ಅದೇ ತೂಕ, ಅದೇ ಕಟ್ಟು, ಅದೇ ಬಣ್ಣ. ಇನ್ನೊಂದು ಫ್ಲೈ ಕಿಲ್ಲರ್ ಬಗ್. ಅದಕ್ಕೆ ಬಳಸಿದ್ದು ಕಾಲುಚೀಲದ ತೂತು ಹೊಲಿಯುವ ಉಣ್ಣೆ ನೂಲು. ಚಾಡ್ವಿಕ್ಸ್ ಕಂಪನಿಯ 477 ನಂಬರಿನ ಬಣ್ಣ. ಒಣಗಿದ್ದಾಗ ಸಪ್ಪೆ ಬೂದು, ಒದ್ದೆಯಾದರೆ ಒಳಗಿಂದ ಸ್ವಲ್ಪ ಗುಲಾಬಿ ಛಾಯೆ. ಸಾಯರ್ ಆ ನೂಲನ್ನು ನೀರಿನಲ್ಲಿ ನೋಡಿ ಆರಿಸಿದ್ದರು, ಅದೇ ಮುಖ್ಯ. ಆಮೇಲೆ ಆ ನೂಲಿನ ತಯಾರಿ ನಿಂತಿತು. ಈಗ ಅದನ್ನು ಸುತ್ತಿದ ಹಳೆಯ ಒಂದು ಸಣ್ಣ ಕಾರ್ಡ್ ಸಿಕ್ಕಿದರೆ ಜನ ವಿಪರೀತ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಕಾಲುಚೀಲ ಹೊಲಿಯುವ ನೂಲು ಈಗ ಬಂಗಾರದ ಹಾಗೆ ಮಾರಾಟವಾಗುವುದನ್ನು ನೋಡಿದಾಗ ನನಗೆ ಬೇಸರವೇ ಆಗುತ್ತದೆ. ಅವರು ಕಲಿಸಿದ್ದು ನಂಬರನ್ನಲ್ಲ, ನೋಡುವ ರೀತಿಯನ್ನು.

ನಮ್ಮಲ್ಲಿ ಆ ನೂಲು ಇಲ್ಲ. ಆದರೆ ಕಂಬಳಿ ಇದೆ. ಮಲೆನಾಡಿನಲ್ಲಿ ಮಳೆಗೆ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದ ಕರಿ ಕಂಬಳಿ, ಈಗ ಎಷ್ಟೋ ಮನೆಗಳಲ್ಲಿ ಹುಳ ತಿಂದು ಮೂಲೆ ಸೇರಿದೆ. ಅಂಚಿನಿಂದ ನಾಲ್ಕು ಎಳೆ ಬಿಡಿಸಿ ನೋಡಿ. ಬಣ್ಣ ಹಾಕಿದ್ದಲ್ಲ, ಕುರಿಯದೇ ಬಣ್ಣ. ಕಪ್ಪು ಅಂತ ನಾವು ಹೇಳುವುದು ಬಿಸಿಲಿಗೆ ಹಿಡಿದರೆ ಕಂದು, ಅಲ್ಲಲ್ಲಿ ಬೂದು. ಒರಟು ಕೂದಲು ಮೈಯಿಂದ ಹೊರಗೆ ಚಾಚಿಕೊಳ್ಳುತ್ತವೆ, ನೀರೊಳಗೆ ಅವೇ ಹುಳದ ಕಾಲುಗಳು. ಶಿರಸಿ ಸುತ್ತಿನ ಹೊಳೆಗಳಲ್ಲಿ ಕಲ್ಲು ಮಗುಚಿದರೆ ಅಡಿಯಲ್ಲಿ ಕಾಣುವ ಕಪ್ಪು ಹುಳಗಳಿಗೂ ಕಂಬಳಿಯ ಈ ಬಣ್ಣಕ್ಕೂ ಎಷ್ಟು ಹತ್ತಿರ ಅಂತ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಬೇಕು. ಸಣ್ಣ ಕೊಕ್ಕೆ, ಕಂಬಳಿ ಉಣ್ಣೆ, ಮೇಲಿಂದ ತಾಮ್ರದ ತಂತಿ. ತಂತಿ ಬೇಕಾದರೆ ಮಿಕ್ಸರ್ ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಗೆ ಹೋಗಿ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿ ಮೂಲೆಯಲ್ಲಿ ರಾಶಿ ಬಿದ್ದಿರುತ್ತದೆ. ಸುಟ್ಟು ಕಪ್ಪಾಗದ ಭಾಗ ಆರಿಸಿಕೊಳ್ಳಿ. ಗುಜರಿಗೆ ಹೋಗುವ ಸಾಮಾನು, ಸುಮ್ನೆ ಎತ್ತಿಕೊಳ್ಳಬೇಡಿ, ಕೇಳಿ ತೂಕಕ್ಕೆ ದುಡ್ಡು ಕೊಟ್ಟು ತನ್ನಿ.

ಇದಕ್ಕೆ ಪೂರಾ ವಿರುದ್ಧವಾದ ದಾರಿಯೂ ಒಂದಿದೆ, ಅದನ್ನೂ ಹೇಳಬೇಕು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಸಾಲ್ಮನ್ ಮೀನಿನ ಫ್ಲೈಗೆ ಜಗತ್ತಿನ ಮೂಲೆ ಮೂಲೆಯ ಹಕ್ಕಿಗಳ ಗರಿ ಬೇಕಾಗುತ್ತಿತ್ತು. ನಮ್ಮ ಘಟ್ಟದ ಬೂದು ಕಾಡುಕೋಳಿಯ ಕೊರಳ ಗರಿಯೂ ಅದರಲ್ಲಿ ಸೇರಿತ್ತು. ಆ ಗರಿಯ ತುದಿಯಲ್ಲಿ ಮೇಣ ಹಚ್ಚಿದ ಹಾಗೆ ಹಳದಿ ಬಿಳಿ ಚುಕ್ಕೆಗಳಿರುತ್ತವೆ, ಅದನ್ನು ಫ್ಲೈಯ ಕಣ್ಣಾಗಿ ಕಟ್ಟುತ್ತಿದ್ದರು. ಅಣಶಿ ಘಟ್ಟದಲ್ಲಿ ಬೆಳಿಗ್ಗೆ ರಸ್ತೆ ದಾಟುವ ಅದೇ ಹಕ್ಕಿ. ಈ ಹುಚ್ಚು ಈಗಲೂ ಪೂರ್ತಿ ಇಳಿದಿಲ್ಲ. 2009ರ ಜೂನ್‌ನಲ್ಲಿ ಲಂಡನ್‌ನಲ್ಲಿ ಕೊಳಲು ಕಲಿಯುತ್ತಿದ್ದ ಒಬ್ಬ ಹುಡುಗ ಟ್ರಿಂಗ್‌ನ ಮ್ಯೂಸಿಯಂ ಕಿಟಕಿ ಒಡೆದು 299 ಹಕ್ಕಿಗಳ ಚರ್ಮ ಕದ್ದ. ಫ್ಲೈ ಕಟ್ಟುವವರಿಗೆ ಗರಿ ಮಾರಲಿಕ್ಕೆ. ಅವುಗಳಲ್ಲಿ ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ನೂರೈವತ್ತು ವರ್ಷಗಳ ಹಿಂದೆ ಸಂಗ್ರಹಿಸಿದ ಹಕ್ಕಿಗಳೂ ಇದ್ದವು. ಮೀನಿಗೆ ಅಂಥ ಗರಿ ಬೇಕಾಗಿಯೇ ಇಲ್ಲ. ಅದು ಬೇಕಾದದ್ದು ಮನುಷ್ಯನ ಕಣ್ಣಿಗೆ.

ಕಾಡಿನ ವಸ್ತುವಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಕಾಡುಕೋಳಿಯ ಗರಿ ಬಿದ್ದಿದ್ದರೂ ಅಲ್ಲೇ ಇರಲಿ. ಜಿಂಕೆ, ಕಡವೆಯ ಕೂದಲು ಹಳೆ ಮನೆಗಳ ಅಲಂಕಾರದ ಚರ್ಮದಲ್ಲಿ ಕಂಡರೂ ಕೇಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ ಅನ್ನುವುದು ಒಂದು. ಕಾಯ್ದೆ ಇಲ್ಲದಿದ್ದರೂ ಬೇಡ ಅನ್ನುವುದು ಇನ್ನೊಂದು. ಮೀನಿನ ಆಸೆಗೆ ಕಾಡಿನ ಪ್ರಾಣಿಗೆ ಬೆಲೆ ಕಟ್ಟಿದರೆ, ನಾಳೆ ಆ ಬೆಲೆಗೆ ಬಂದೂಕು ಹಿಡಿಯುವವರು ಇದ್ದೇ ಇರುತ್ತಾರೆ.

ಊರ ಹುಂಜ ಇರುವಾಗ ಅದರ ಅಗತ್ಯವಾದರೂ ಏನು? ನಾಟಿ ಕೋಳಿ ಅಡುಗೆ ಮಾಡುವ ಮನೆಯಲ್ಲಿ ಮೊದಲೇ ಹೇಳಿಟ್ಟರೆ ಕೊರಳು, ಸೊಂಟದ ಗರಿ ತೆಗೆದಿಡುತ್ತಾರೆ. ಸೋಪಿನ ಬಿಸಿ ನೀರಲ್ಲಿ ಚೆನ್ನಾಗಿ ತೊಳೆದು, ಬಿಸಿಲಲ್ಲಿ ಪೂರಾ ಒಣಗಿಸಿ, ಮುಚ್ಚಳದ ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿಡಿ. ಇಲ್ಲದಿದ್ದರೆ ನಮ್ಮ ಕರಾವಳಿಯ ತೇವಕ್ಕೆ ಬೂಸಲು, ಹುಳ, ವಾಸನೆ ಮೂರೂ ಒಟ್ಟಿಗೆ ಬರುತ್ತವೆ. ಉದ್ದ ಗರಿಯನ್ನು ಎಲ್ಲರೂ ಇಟ್ಟುಕೊಳ್ಳುತ್ತಾರೆ. ನಾನು ಇಷ್ಟಪಡುವುದು ಗರಿಯ ಬುಡದಲ್ಲಿರುವ ಮೆತ್ತನೆಯ ತುಪ್ಪಳವನ್ನು, ಅದನ್ನೇ ಎಲ್ಲರೂ ಕಿತ್ತು ಬಿಸಾಡುವುದು. ಲೋಟದಲ್ಲಿ ಅದನ್ನು ತೂಗುಹಾಕಿ ಸ್ವಲ್ಪ ಅಲ್ಲಾಡಿಸಿ, ಕೈ ನಿಲ್ಲಿಸಿ. ಕೈ ನಿಂತ ಮೇಲೂ ಅದು ಉಸಿರಾಡುತ್ತ ಇರುತ್ತದೆ. ಅಮೆರಿಕದವರು ಇದೇ ಗುಣಕ್ಕಾಗಿ ಟರ್ಕಿ ಕೋಳಿಯ ತುಪ್ಪಳವನ್ನು ಕೊಳ್ಳುತ್ತಾರೆ.

ಬಂದರಿನ ಮಾತಿಗೆ ಬರುತ್ತೇನೆ. ಮೀನುಗಾರಿಕೆ ನಿಂತ ತಿಂಗಳುಗಳಲ್ಲಿ ಬೈತಖೋಲದಲ್ಲಿ ಬಲೆ ರಿಪೇರಿ ನಡೆಯುತ್ತದೆ. ಹಸಿರು, ನೀಲಿ, ಕಿತ್ತಳೆ, ಬಿಳಿ ಹಗ್ಗದ ತುಂಡುಗಳು ಸುತ್ತ ಬಿದ್ದಿರುತ್ತವೆ. ಎಲ್ಲ ಪ್ಲಾಸ್ಟಿಕ್ ಹಗ್ಗ ಒಂದೇ ಅಂತ ನೋಡಿದರೆ ಅನ್ನಿಸುತ್ತದೆ, ಲೋಟಕ್ಕೆ ಹಾಕಿದಾಗ ಬೇರೆ ಬೇರೆ. ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ, ಸಿಹಿನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ ಅದರದು ಸುಮಾರು 0.9. ನೈಲಾನ್ 1.14, ಮುಳುಗುತ್ತದೆ. ಪಾಲಿಯೆಸ್ಟರ್ 1.38, ಇನ್ನೂ ಬೇಗ ಮುಳುಗುತ್ತದೆ. ಸಮುದ್ರದ ನೀರು 1.025ರ ಆಸುಪಾಸು. ಫ್ಲೈ ನೀರಿನ ಮಧ್ಯದಲ್ಲಿ ನಿಲ್ಲಬೇಕಾ, ತಳಕ್ಕೆ ಹೋಗಬೇಕಾ ಅನ್ನುವುದನ್ನು ಈ ನಾಲ್ಕು ಅಂಕಿಗಳೇ ತೀರ್ಮಾನಿಸುತ್ತವೆ.

ತೇಲುವ ಹಗ್ಗದ ಎಳೆ ಬಿಡಿಸಿ, ಹಳೆ ಬಾಚಣಿಗೆಯಿಂದ ಬಾಚಿದರೆ ಜಿಂಕೆ ಬಾಲದ ಕೂದಲಿನ ಕೆಲಸ ಅದರಿಂದ ಆಗುತ್ತದೆ. 1987ರಲ್ಲಿ ಅಮೆರಿಕದ ಸಸ್ಕ್ವೆಹಾನ್ನಾ ನದಿಯಲ್ಲಿ ಬಾಬ್ ಕ್ಲೌಸರ್ ಅನ್ನುವವರು ಒಂದು ಫ್ಲೈ ಮಾಡಿದರು. ಈಗ ಅದು ಜಗತ್ತಿನ ಎಲ್ಲ ನೀರಿನಲ್ಲೂ ನಡೆಯುತ್ತದೆ. ಅದರಲ್ಲಿ ಹೆಚ್ಚು ಸಾಮಾನಿಲ್ಲ. ಮುಂದೆ ಭಾರದ ಎರಡು ಕಣ್ಣು, ಹಿಂದೆ ಜಿಂಕೆ ಬಾಲದ ಕೂದಲು, ನಡುವೆ ಸ್ವಲ್ಪ ಮಿಂಚು. ಎಳೆದಾಗ ಮೇಲೇಳುತ್ತದೆ, ನಿಲ್ಲಿಸಿದಾಗ ಮೂಗು ಕೆಳಗೆ ಮಾಡಿ ಇಳಿಯುತ್ತದೆ. ಕೂದಲಿನ ಬದಲು ತೇಲುವ ಹಗ್ಗದ ಎಳೆ ಕಟ್ಟಿದರೆ ಈ ಆಟ ಇನ್ನೂ ಚೆನ್ನಾಗಿ ಬರುತ್ತದೆ. ಮೂಗು ಇಳಿಯುವಾಗ ಬಾಲ ಮೇಲಕ್ಕೇ ನಿಂತಿರುತ್ತದೆ, ತಳದಲ್ಲಿ ಮೇಯುವ ಸಣ್ಣ ಮೀನಿನ ನಿಲುವು ಅದು. ಕಣ್ಣಿಗೆ ವಾಶ್‌ಬೇಸಿನ್ ಮುಚ್ಚಳದ ಮಣಿ ಸರಪಳಿ ಸಾಕು, ಎರಡೆರಡು ಮಣಿ ಕತ್ತರಿಸಿ ಕೊಕ್ಕೆಯ ಮೇಲೆ ಎಂಟರ ಆಕಾರದಲ್ಲಿ ದಾರ ಸುತ್ತಿ ಕಟ್ಟಬೇಕು. ಸೀಸ ಬೇಡ. ಇಂಗ್ಲೆಂಡಿನಲ್ಲಿ ಹಂಸಗಳು ಸೀಸದ ಗುಂಡು ನುಂಗಿ ಸಾಯುತ್ತಿದ್ದವು ಅಂತ 1987ರಲ್ಲೇ ಸಣ್ಣ ಗುಂಡುಗಳ ಮಾರಾಟ ನಿಲ್ಲಿಸಿದರು. ನಮ್ಮ ಅಳಿವೆಯಲ್ಲೂ ಕೆಸರು ಕೆದಕಿ ತಿನ್ನುವ ಹಕ್ಕಿಗಳಿವೆ.

ಬಿಸಿಲಲ್ಲಿ ಬಹಳ ದಿನ ಬಿದ್ದ ಹಗ್ಗವನ್ನು ಮಾತ್ರ ಮುಟ್ಟಬೇಡಿ. ಉಗುರಿನಿಂದ ಮಡಚಿದಾಗ ಪುಡಿ ಉದುರಿದರೆ ಅದು ನೀರಲ್ಲೂ ಉದುರುತ್ತದೆ. ಸಿಮೆಂಟ್ ಚೀಲ, ಅಕ್ಕಿ ಚೀಲದ ಪಟ್ಟಿಗೂ ಇದೇ ಮಾತು, ಅದೂ ಪಾಲಿಪ್ರೊಪಿಲೀನೇ.

ಮಿಂಚಿಗೆ ಬಂದರೆ ಚಿಕ್ಕಮ್ಮನ ಅಂಗಡಿ. ಸೀರೆಗೆ ಫಾಲ್ ಹಚ್ಚುವಾಗ, ಬ್ಲೌಸ್ ಹೊಲಿಯುವಾಗ ಕತ್ತರಿಸಿ ಬಿದ್ದ ಜರಿ ಅಂಚುಗಳನ್ನು ಅವರು ಒಂದು ಚೀಲದಲ್ಲಿ ಹಾಕಿಡುತ್ತಾರೆ. "ಎಂತಕ್ಕೋ ಇದೆಲ್ಲ ನಿಂಗೆ, ಮೀನಿಗೆ ಸೀರೆ ಉಡಿಸ್ತ್ಯಾ?" ಅಂತ ಕೇಳುತ್ತಲೇ ಕೊಡುತ್ತಾರೆ. ಒಂದೊಂದು ಅಂಚನ್ನೂ ಬಿಚ್ಚಿ ನೋಡಿದಾಗ ಜರಿಯಲ್ಲಿ ಮೂರು ಜಾತಿ ಇದೆ ಅಂತ ಕಾಣುತ್ತದೆ. ಹಳೆ ಕಾಲದ ಅಸಲಿ ಜರಿ ಅಂದರೆ ರೇಷ್ಮೆ ನೂಲಿಗೆ ಚಪ್ಪಟೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಅದನ್ನು ಫ್ಲೈಗೆ ಬಳಸಲು ನನಗೆ ಮನಸ್ಸಾಗುವುದಿಲ್ಲ, ಅದು ಮನೆಯಲ್ಲೇ ಇರಲಿ. ಎರಡನೆಯದು ತಾಮ್ರದ ತಂತಿಗೆ ಲೇಪ ಕೊಟ್ಟದ್ದು. ಮೊದಲ ದಿನ ಚಂದ, ಉಪ್ಪು ನೀರಿಗೆ ಹೋಗಿ ಬಂದರೆ ಕಪ್ಪಾಗುತ್ತದೆ, ಹಸಿರು ಹಿಡಿಯುತ್ತದೆ. ಸಿಹಿನೀರಿನ ಹೊಳೆಗೆ ಪರವಾಗಿಲ್ಲ. ಮೂರನೆಯದು ಪ್ಲಾಸ್ಟಿಕ್ ಪದರದ ಜರಿ. ಸೀರೆ ಕೊಳ್ಳುವವರು ಮೂಗು ಮುರಿಯುವ ಈ ಜರಿಯೇ ಅಳಿವೆಗೆ ಸರಿ, ಉಪ್ಪಿಗೆ ಜಗ್ಗುವುದಿಲ್ಲ.

ಚೌತಿ ಮಂಟಪಕ್ಕೆ ಕಟ್ಟಿದ ಚಮಕಿ ಮಾಲೆ, ಚಿಪ್ಸ್ ಪ್ಯಾಕೆಟಿನ ಒಳಮೈ, ಬಾಸಿಂಗಕ್ಕೆ ಅಂಟಿಸುವ ಬೇಗಡೆ ಇವೂ ಮಿಂಚೇ. ಆದರೆ ಜಾಸ್ತಿ ಹಾಕುವ ಆಸೆ ಬರುತ್ತದೆ, ಅದನ್ನು ತಡೆಯಬೇಕು. ಲೋಟವನ್ನು ಕಿಟಕಿಯ ಬೆಳಕಿಗೆ ಇಟ್ಟು ನೋಡಿ, ಮೂರು ನಾಲ್ಕು ಎಳೆ ಇದ್ದರೆ ಮೀನಿನ ಮೈ ತಿರುಗಿದಾಗಿನ ಮಿಂಚು, ಹತ್ತು ಹದಿನೈದಾದರೆ ಬರೀ ಹೊಳಪು. ಪುಡಿ ಗ್ಲಿಟರ್ ಬೇಡವೇ ಬೇಡ, ಅದು ನದಿಗೆ ಹೋಗಿ ಸೇರುತ್ತದೆ.

ಈಗ ಶೆಟ್ಲಿ. ನಮ್ಮ ಅಳಿವೆಯಲ್ಲಿ ಗಾಳ ಹಾಕುವವರ ಕನಸು ಚೊಣಕ ಅನ್ನುವ ದೊಡ್ಡ ಮೀನು, ಚೊಣಕದ ಕನಸು ಶೆಟ್ಲಿ. ಕೋಡಿಬಾಗದಲ್ಲಿ ಜೀವನವಿಡೀ ನದಿಯಲ್ಲೇ ಮೀನು ಹಿಡಿದ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಮಾಮ ಅಂತ ಕರೆಯುತ್ತೇವೆ. ಅವರ ಕೈಗೆ ಅಂಗಡಿಯದೊಂದು ಶೆಟ್ಲಿ ಫ್ಲೈ ಕೊಟ್ಟಾಗ ಅವರು ಬಣ್ಣ ನೋಡಲಿಲ್ಲ, ದಾರ ಕಟ್ಟುವ ತುದಿ ಯಾವುದು ಅಂತ ನೋಡಿದರು. "ಬಣ್ಣ ಎಂತಾದ್ರೂ ಇರ್ಲಿ ಮಾರಾಯ, ಹೆದ್ರಿದ ಶೆಟ್ಲಿ ಹಿಂದಕ್ಕೆ ಹಾರ್ತದೆ. ಅದರ ತಲೆ ಯಾವ ಕಡೆ ಉಂಟು ನೋಡು ಮೊದಲು." ಹೌದಲ್ವಾ. ದಾರ ಎಳೆಯುವುದು ಕೊಕ್ಕೆಯ ಕಣ್ಣಿನ, ಅಂದರೆ ದಾರ ಪೋಣಿಸುವ ತೂತಿನ ಕಡೆಯಿಂದ. ಹಾಗಾದರೆ ಶೆಟ್ಲಿಯ ಬಾಲ ಆ ಕಡೆ ಬರಬೇಕು, ತಲೆ, ಕಣ್ಣು, ಮೀಸೆ ಎಲ್ಲ ಕೊಕ್ಕೆಯ ಬಾಗಿನ ಕಡೆ.

ಕಟ್ಟುವ ರೀತಿ ಹೀಗೆ. ಮೊದಲು ಕಣ್ಣು. ಹರಿದ ಗಾಳದ ದಪ್ಪ ನೈಲಾನ್ ತುಂಡಿನ ತುದಿಯನ್ನು ಬೆಂಕಿಗೆ ಹತ್ತಿರ ಹಿಡಿದರೆ ಕರಗಿ ಹಿಂದಕ್ಕೆ ಸರಿದು ಸಾಸಿವೆಯಷ್ಟು ಉಂಡೆ ಆಗುತ್ತದೆ. ಅಂಥ ಎರಡು. ಬಿಸಿ ಇರುವಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಕರಿ ನೇಲ್ ಪಾಲಿಶ್‌ನಲ್ಲಿ ಅದ್ದಿ ಒಣಗಿಸಿ. ಆಮೇಲೆ ಮೀಸೆಗೆ ಪ್ಲಾಸ್ಟಿಕ್ ಪೊರಕೆಯ ಎರಡು ಕಡ್ಡಿ, ಸಪೂರ ಇರುವುದನ್ನೇ ಆರಿಸಿ. ತಲೆಯ ಹತ್ತಿರ ಕೋಳಿ ತುಪ್ಪಳ ಸ್ವಲ್ಪ. ಮೈಗೆ ಗೋಣಿ ನಾರನ್ನು ಸಣ್ಣಗೆ ಕತ್ತರಿಸಿ, ಹಳೆ ಸ್ವೆಟರಿನ ಬಿಳಿ ಉಣ್ಣೆಯ ಜೊತೆ ಬೆರೆಸಿ ಹೊಸೆದು ಸುತ್ತಬೇಕು. ಗೋಣಿಯೊಂದೇ ಆದರೆ ತೀರಾ ಗಾಢ, ಉಣ್ಣೆ ಸೇರಿದರೆ ಒದ್ದೆಯಾದಾಗ ಶೆಟ್ಲಿಯ ಮೈಯ ಹಾಗೆ ಅರೆಪಾರದರ್ಶಕ. ಬೆನ್ನಿನ ಚಿಪ್ಪಿಗೆ ಹಾಲಿನ ಪ್ಯಾಕೆಟಿನ ಅಚ್ಚು ಇಲ್ಲದ ಜಾಗದಿಂದ ಒಂದು ಪಟ್ಟಿ, ಬಾಲದ ಕಡೆ ಸಪೂರ ಮಾಡಿ ಕತ್ತರಿಸಿದ್ದು. ಪಟ್ಟಿಯನ್ನು ಸ್ವಲ್ಪ ಎಳೆದು ಹಿಡಿದು, ಮೇಲಿಂದ ಸಪೂರ ನೈಲಾನ್ ದಾರವನ್ನು ಅಂತರ ಬಿಟ್ಟು ಸುತ್ತುತ್ತ ಬಂದರೆ ಚಿಪ್ಪಿನ ಮಡಿಕೆಗಳು ತಾವಾಗಿಯೇ ಮೂಡುತ್ತವೆ. ಕೊನೆಗೆ ದಬ್ಬಣದ ಮೊನೆಯಿಂದ ಹೊಟ್ಟೆಯ ಕಡೆಯ ನಾರನ್ನು ಕೆದಕಿ ಹೊರಗೆ ಎಳೆಯಿರಿ, ಅವು ಕಾಲು. ಗಂಟು ಹಾಕಿ ನೇಲ್ ಪಾಲಿಶ್ ಒಂದು ಹನಿ.

ಇಳಿತ ಶುರುವಾಗಿ ಮ್ಯಾಂಗ್ರೋವ್ ಬೇರಿನ ನಡುವಿನ ನೀರು ಖಾಲಿಯಾಗುವ ಹೊತ್ತಿಗೆ ಶೆಟ್ಲಿಗಳೂ ಅದರ ಜೊತೆ ಹೊರಗೆ ಬರಲೇಬೇಕು. ಸಣ್ಣ ಕಾಲುವೆ ದೊಡ್ಡ ನೀರಿಗೆ ಸೇರುವ ಬಾಯಲ್ಲಿ ಚೊಣಕ ನಿಂತಿರುತ್ತದೆ. ಅದು ಕಚ್ಚುವುದಕ್ಕಿಂತ ಹೀರುತ್ತದೆ. ಬಾಯಿ ಫಕ್ಕನೆ ತೆರೆದಾಗ ನೀರಿನ ಜೊತೆ ಶೆಟ್ಲಿಯೂ ಒಳಗೆ. ರಾತ್ರಿ ಆ ಸದ್ದು ದಡದವರೆಗೂ ಕೇಳುತ್ತದೆ. ಹೀಗೆ ಹೀರುವ ಮೀನಿಗೆ ಗಟ್ಟಿ, ಭಾರದ ಫ್ಲೈಗಿಂತ ನೀರಿನ ಜೊತೆಗೇ ಹೋಗುವ ಮೆತ್ತನೆಯದು ಒಳ್ಳೆಯದು. ಉಣ್ಣೆ, ನಾರು, ತುಪ್ಪಳ ಇಲ್ಲಿ ಗೆಲ್ಲುವುದು ಅದಕ್ಕೇ.

ನೀರಿನ ಮೇಲೆ ಸದ್ದು ಮಾಡುವ ಫ್ಲೈಗೆ ಮಾಜಾಳಿಯಿಂದ ಕಾರವಾರದವರೆಗಿನ ಕಡಲತೀರವೇ ಅಂಗಡಿ. ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂಟಿ ಚಪ್ಪಲಿಗಳು, ಬಲೆಯ ತೇಲುಗುಂಡುಗಳು ದಡಕ್ಕೆ ಬಂದು ಬೀಳುತ್ತವೆ. ಸ್ಪಂಜಿನಂಥ ಹಗುರ ಚಪ್ಪಲಿಯನ್ನು ಬ್ಲೇಡಿನಿಂದ ಪಟ್ಟಿ ಮಾಡಿ, ಕೊಕ್ಕೆಯ ಬೆನ್ನ ಮೇಲೆ ಮಡಚಿ ಕಟ್ಟಿ, ಮುಂದೆ ಸಣ್ಣ ತುಟಿ ಬಿಟ್ಟರೆ, ಎಳೆದಾಗಲೆಲ್ಲ ಗುಳುಕ್ ಅನ್ನುತ್ತದೆ. ಬಾಸ್ಟನ್‌ನ ಜಾಕ್ ಗಾರ್ಟ್‌ಸೈಡ್ ಎಂಬವರು ಪ್ರಸಿದ್ಧಗೊಳಿಸಿದ ಮಾದರಿ ಇದು. ಫೋಮ್ ಹಾಳೆ ಕೊಂಡರೆ ಬಣ್ಣ ಬಣ್ಣದ್ದು ಸಿಗುತ್ತದೆ, ನಿಜ. ಆದರೆ ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ಆಕಾಶದ ಎದುರು ಒಂದು ಕಪ್ಪು ಆಕಾರ. ಸವೆದ ಚಪ್ಪಲಿಯ ಬಣ್ಣ ಯಾವುದಾದರೇನು?

ಬೆಂಡಿನ ಬಗ್ಗೆಯೂ ಒಂದು ಮಾತು. ಬಾಸಿಂಗ ಮಾಡುವ ಗುಡಿಗಾರರ ಮನೆಯಲ್ಲಿ ಕತ್ತರಿಸಿ ಉಳಿದ ಬೆಂಡಿನ ಚೂರುಗಳಿರುತ್ತವೆ. ಮದುವೆಯಲ್ಲಿ ಕಟ್ಟಿದ ಬಾಸಿಂಗವನ್ನು ಮಾತ್ರ ಕೇಳಬೇಡಿ, ಅದಕ್ಕೆ ಅದರದೇ ಮರ್ಯಾದೆ ಇದೆ. ಚೂರು ಸಾಕು. ಹಗುರ, ಬ್ಲೇಡಿಗೆ ಬೆಣ್ಣೆ. ಆದರೆ ಮೆದು, ಮೀನಿನ ಒಂದು ಕಡಿತಕ್ಕೆ ಹೋಗುತ್ತದೆ. ನೇಲ್ ಪಾಲಿಶ್ ಎರಡು ಪದರ ಹಚ್ಚಿದರೆ ಸ್ವಲ್ಪ ತಾಳುತ್ತದೆ. ಬೆಂಡಿನ ಬದಲು ಥರ್ಮೋಕೋಲ್ ತೆಗೆದುಕೊಂಡರೆ ನೇಲ್ ಪಾಲಿಶ್ ಹಚ್ಚಬೇಡಿ, ಅದು ಥರ್ಮೋಕೋಲನ್ನು ಕರಗಿಸಿಬಿಡುತ್ತದೆ.

ತೆಂಗಿನ ನಾರು ನಮ್ಮಲ್ಲಿ ಬೇಕಾದಷ್ಟಿದ್ದರೂ ಕೆಲಸಕ್ಕೆ ಬಾರದು, ಅದು ನೀರಲ್ಲೂ ಸೆಟೆದುಕೊಂಡೇ ಇರುತ್ತದೆ. ಹೂ ಕಟ್ಟುವ ಬಾಳೆ ನಾರು ಕೊಳೆಯುತ್ತದೆ. ಎಂಬ್ರಾಯ್ಡರಿಯ ರೇಯಾನ್ ದಾರ ಕಣ್ಣಿಗೆ ಹಬ್ಬ, ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ. ಅದನ್ನು ಕಟ್ಟಲು ಬಳಸಬೇಡಿ, ಮೇಲಿನ ಅಲಂಕಾರಕ್ಕೆ ಸರಿ. ಹೊಲಿಗೆ ಯಂತ್ರದ ಪಾಲಿಯೆಸ್ಟರ್ ದಾರ ಸಾಮಾನ್ಯವಾಗಿ 240 ಡೆನಿಯರ್ (ದಾರದ ದಪ್ಪದ ಅಳತೆ) ಆಸುಪಾಸು. ದೊಡ್ಡ ಕೊಕ್ಕೆಗೆ ಗಟ್ಟಿಮುಟ್ಟು, ಸಣ್ಣ ಕೊಕ್ಕೆಗೆ ತೀರಾ ದಪ್ಪ. ಅಂಗಡಿಯ ಫ್ಲೈ ದಾರ 70 ಡೆನಿಯರಿನಲ್ಲೂ ಬರುತ್ತದೆ, ಅದನ್ನು ನಾನು ಕೊಳ್ಳುತ್ತೇನೆ.

ಕೊಕ್ಕೆಯನ್ನೂ ಕೊಳ್ಳುತ್ತೇನೆ, ಅದರಲ್ಲಿ ಜಿಪುಣತನ ಇಲ್ಲ. ಬಲೆಯಲ್ಲಿ ಸಿಕ್ಕಿದ, ದಡದಲ್ಲಿ ಬಿದ್ದ ತುಕ್ಕಿನ ಕೊಕ್ಕೆಗೆ ಎಷ್ಟು ಚಂದದ ಫ್ಲೈ ಕಟ್ಟಿದರೂ ಒಳ್ಳೆಯ ಮೀನು ಹಿಡಿದ ಗಳಿಗೆಯಲ್ಲಿ ಅದು ಮುರಿಯುತ್ತದೆ, ಮುರಿದ ತುಂಡು ಮೀನಿನ ಬಾಯಲ್ಲಿ ಉಳಿಯುತ್ತದೆ. ಉಪ್ಪು ನೀರಿಗೆ ಸ್ಟೇನ್‌ಲೆಸ್ ಅಥವಾ ತವರದ ಲೇಪದ ಕೊಕ್ಕೆ ತನ್ನಿ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು, ಒಣಗಿಸಿ ಡಬ್ಬಿಗೆ ಹಾಕಿ. ಚೊಣಕ ಉಜ್ಜಿ ಉಜ್ಜಿ ಫ್ಲೈಯ ಮೈಯೆಲ್ಲ ಕಿತ್ತುಹೋದ ಮೇಲೂ ಕೊಕ್ಕೆ ಚೆನ್ನಾಗಿಯೇ ಇರುತ್ತದೆ. ಬ್ಲೇಡಿನಿಂದ ಹಳೆ ದಾರ ಸೀಳಿ ತೆಗೆದು, ಮೊನೆಯನ್ನು ಉಗುರಿನ ಮೇಲೆ ಜಾರಿಸಿ ನೋಡಿ. ಕಚ್ಚಿ ನಿಂತರೆ ಮತ್ತೆ ಕಟ್ಟಬಹುದು. ಜಾರಿದರೆ ಸಣ್ಣ ಅರದಲ್ಲಿ ಮೂರು ಕಡೆ ಉಜ್ಜಿ, ಮತ್ತೊಮ್ಮೆ ನೋಡಿ.